ಕೊಲಂಬಸ್‌ನ ಊಟದ ಮೇಜು ಮತ್ತು ವೈಡ್ ರಿಸೀವರ್‌ಗಳ ವಾದ

ನಮಸ್ಕಾರ. ಬೆಂಗಳೂರಿನಿಂದ ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್‌ಗೆ ಬಂದ ಮೇಲೆ ಮನೆ, ಕಾರು, ಚಳಿಗಾಲದ ಬಟ್ಟೆಬರೆ ಎಲ್ಲವೂ ಒಂದು ಹದಕ್ಕೆ ಬಂದಿವೆ, ಆದರೆ ಆಫೀಸಿನಲ್ಲಿ ಮಧ್ಯಾಹ್ನದ ಊಟಕ್ಕೆ ಕೂತರೆ ಸಹೋದ್ಯೋಗಿಗಳು ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡದ ವೈಡ್ ರಿಸೀವರ್‌ಗಳ ಬಗ್ಗೆಯೇ ಎಡೆಬಿಡದೆ ವಾದಿಸುತ್ತಾರೆ, ಇದನ್ನು ಕಲಿಯಲೇಬೇಕೆ ಅಥವಾ ಡಬ್ಬಿಯ ಚಿತ್ರಾನ್ನ ಮುಗಿಸಿಕೊಂಡು ಎದ್ದುಬಂದರೂ ನಡೆಯುತ್ತದೆಯೆ ಎಂದು ಕೇಳಿದ್ದೀರಿ. ಎದ್ದುಬಂದರೂ ನಡೆಯುತ್ತದೆ, ಅದರಿಂದ ಕೆಲಸಕ್ಕಾಗಲಿ ಬಡ್ತಿಗಾಗಲಿ ಕುತ್ತು ಬಂದದ್ದನ್ನು ನಾನು ಕಂಡಿಲ್ಲ. ಆದರೂ ಕಲಿಯಿರಿ ಎನ್ನುತ್ತೇನೆ. ಕಲಿಯಬೇಕಾದದ್ದು ಇಡೀ ಆಟವನ್ನಲ್ಲ, ಆ ವಾದವನ್ನು. ಆಟದ ನಿಯಮಗಳು ಬೆಟ್ಟದಷ್ಟಿವೆ. ವಾದವಾದರೋ ವರ್ಷಗಳಿಂದ ಎರಡು ಮೂರು ಪ್ರಶ್ನೆಗಳ ಸುತ್ತಲೇ ತಿರುಗುತ್ತಿದೆ, ಮತ್ತು ಅವು ತಿಳಿದವನಿಗೆ ಆ ಮೇಜಿನಲ್ಲಿ ಯಾವಾಗಲೂ ಒಂದು ಕುರ್ಚಿ ಇರುತ್ತದೆ.

ಆಟದ ವಿಷಯ ತುಸು ಸಾಕು. ಚೆಂಡು ಹಿಡಿದ ತಂಡ ನಾಲ್ಕು ಪ್ರಯತ್ನಗಳೊಳಗೆ 10 ಗಜ ಮುಂದೆ ಸಾಗಬೇಕು. ಸಾಗಿದರೆ ಮತ್ತೆ ನಾಲ್ಕು ಸಿಗುತ್ತವೆ. ಸಾಗುವುದಕ್ಕೆ ದಾರಿ ಎರಡು: ಚೆಂಡನ್ನು ಅವುಚಿಕೊಂಡು ನುಗ್ಗುವುದು, ಇಲ್ಲವೇ ಕ್ವಾರ್ಟರ್‌ಬ್ಯಾಕ್ ಎಸೆದದ್ದನ್ನು ಮುಂದೆ ಓಡಿದವನು ಹಿಡಿಯುವುದು. ಹೀಗೆ ಓಡಿ ಹಿಡಿಯುವುದೇ ವೈಡ್ ರಿಸೀವರ್‌ಗಳ ಕಸುಬು. ಸಾಮಾನ್ಯವಾಗಿ ಮೂವರು ಕಣದಲ್ಲಿರುತ್ತಾರೆ, ಇಬ್ಬರು ಎರಡು ಅಂಚುಗಳಲ್ಲಿ, ಒಬ್ಬ ಒಳಗಡೆ ಸ್ಲಾಟ್ ಎನ್ನುವ ಜಾಗದಲ್ಲಿ. ಎಷ್ಟು ದೂರ ಓಡಿ ಎತ್ತ ತಿರುಗಬೇಕೆಂಬುದು ಮೊದಲೇ ನಿಗದಿಯಾಗಿರುತ್ತದೆ. ಅದನ್ನು ರೂಟ್ ಎನ್ನುತ್ತಾರೆ. ವೇಗವಾಗಿ ಓಡುವವರು ಬೇಕಾದಷ್ಟು ಜನ ಸಿಗುತ್ತಾರೆ. ಪೂರ್ತಿ ವೇಗದಲ್ಲಿದ್ದವನು ಎರಡೇ ಹೆಜ್ಜೆಯಲ್ಲಿ ನಿಂತು ತಿರುಗಿ, ಬೆನ್ನಿಗೆ ಅಂಟಿಕೊಂಡ ಎದುರಾಳಿಯಿಂದ ಒಂದು ಗಜ ಬಿಡುವು ಗಿಟ್ಟಿಸಿಕೊಳ್ಳುವುದು ಮಾತ್ರ ಕೆಲವರಿಗೇ ಒಲಿದ ವಿದ್ಯೆ. ನಿಮ್ಮ ಮೇಜಿನಲ್ಲಿ ಯಾರಾದರೂ ಕೆಚಪ್ ಪೊಟ್ಟಣವೊಂದನ್ನು ಮುಂದಕ್ಕೆ ಸರಿಸಿ, ಥಟ್ಟನೆ ಒಳಕ್ಕೆ ತಿರುಗಿಸಿ, ಉಪ್ಪಿನ ಡಬ್ಬಿಯನ್ನು ಹಿಂದೆ ಉಳಿಸಿ ತೋರಿಸಿದರೆ ಅವರು ಹೇಳುತ್ತಿರುವುದು ಇದನ್ನೇ. ಉಪ್ಪಿನ ಡಬ್ಬಿ ಎದುರಾಳಿ.

ಇನ್ನು ಹೆಸರುಗಳು. ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನ ತಂಡಗಳವರು ಪ್ರತಿ ವರ್ಷ ಕಾಲೇಜು ಆಟಗಾರರನ್ನು ಸರದಿಯ ಮೇಲೆ ಆರಿಸಿಕೊಳ್ಳುತ್ತಾರೆ. ಮೊದಲ ಸುತ್ತಿನಲ್ಲಿ ಹೆಸರು ಬಂದರೆ ಅದೇ ದೊಡ್ಡ ಗೌರವ. 2022ರಲ್ಲಿ ಒಹಾಯೊ ಸ್ಟೇಟಿನ ಗ್ಯಾರೆಟ್ ವಿಲ್ಸನ್ ಹತ್ತನೆಯವರಾಗಿ, ಕ್ರಿಸ್ ಒಲಾವೆ ಹನ್ನೊಂದನೆಯವರಾಗಿ ಬೆನ್ನುಬೆನ್ನಿಗೆ ಹೋದರು. 2023ರಲ್ಲಿ ಜ್ಯಾಕ್ಸನ್ ಸ್ಮಿತ್-ಎನ್‌ಜಿಗ್ಬಾ, 2024ರಲ್ಲಿ ನಾಲ್ಕನೆಯ ಆಯ್ಕೆಯಾಗಿ ಮಾರ್ವಿನ್ ಹ್ಯಾರಿಸನ್ ಜೂನಿಯರ್, 2025ರಲ್ಲಿ ಎಮೆಕಾ ಎಗ್ಬೂಕಾ. ನಾಲ್ಕು ವರ್ಷ, ಐವರು, ಎಲ್ಲರೂ ಮೊದಲ ಸುತ್ತು. ಇಂಥ ಸಾಲಿದ್ದ ಊರಿನಲ್ಲಿ ಜನ ಯಾರು ಹೆಚ್ಚು ಯಾರು ಕಡಿಮೆ ಎಂದು ಜಗಳವಾಡದೆ ಇರುವುದು ಸಾಧ್ಯವೆ?

ಆ ಜಗಳದಲ್ಲಿ ನಿಮಗೆ ಮೊದಲು ಕೇಳಿಸುವುದು 2022ರ ಜನವರಿ 1ರ ರೋಸ್ ಬೌಲ್ ಪಂದ್ಯದ ಮಾತು. ವಿಲ್ಸನ್ ಮತ್ತು ಒಲಾವೆ ಇಬ್ಬರೂ ವೃತ್ತಿಜೀವನದ ಸಿದ್ಧತೆಗಾಗಿ ಆ ಪಂದ್ಯದಿಂದ ಹೊರಗುಳಿದಿದ್ದರು. ಅಂದು ಯೂಟಾ ವಿರುದ್ಧ ಸ್ಮಿತ್-ಎನ್‌ಜಿಗ್ಬಾ 15 ಕ್ಯಾಚುಗಳಲ್ಲಿ 347 ಗಜ ಗಳಿಸಿದರು, ಆಗ ಹೊಸಬರಾಗಿದ್ದ ಹ್ಯಾರಿಸನ್ ಮೂರು ಟಚ್‌ಡೌನ್ (ಎದುರಾಳಿಯ ತುದಿಗೆರೆಯಾಚೆ ಚೆಂಡು ಮುಟ್ಟಿಸಿ ಅಂಕ ಗಳಿಸುವುದು) ಹಿಡಿದರು, ತಂಡ 48-45ರಿಂದ ಗೆದ್ದಿತು. ಅಂಚಿನಲ್ಲಿದ್ದ ಇಬ್ಬರು ಹೆಸರಾಂತರಿಗಿಂತ ಒಳಗೆ ಸ್ಲಾಟ್‌ನಲ್ಲಿದ್ದ ಸ್ಮಿತ್-ಎನ್‌ಜಿಗ್ಬಾರೇ ದೊಡ್ಡವರು ಎಂಬ ಪಕ್ಷ ಹುಟ್ಟಿಕೊಂಡದ್ದು ಆ ದಿನದಿಂದ. ಇನ್ನೊಂದು ಪಕ್ಷದವರು ಜೆರೆಮೈಯಾ ಸ್ಮಿತ್ ಹೆಸರು ಹೇಳಿದರೆ ಬೇರೆ ಯಾರ ಮಾತನ್ನೂ ಕೇಳುವುದಿಲ್ಲ. ಫ್ಲೋರಿಡಾದಿಂದ ಬಂದ ಈ ಹುಡುಗ 2024ರ ತನ್ನ ಮೊದಲ ವರ್ಷದಲ್ಲೇ 1,315 ಗಜ, 15 ಟಚ್‌ಡೌನ್ ಗಳಿಸಿದ. 2025ರ ಜನವರಿ 20ರಂದು ಅಟ್ಲಾಂಟಾದಲ್ಲಿ ನೋಟ್ರ್ ಡೇಮ್ ವಿರುದ್ಧದ ರಾಷ್ಟ್ರೀಯ ಫೈನಲ್‌ನಲ್ಲಿ, ಅಂತರ 31-23ಕ್ಕೆ ಇಳಿದು ಎಲ್ಲರಿಗೂ ಉಸಿರು ಕಟ್ಟಿದ್ದಾಗ, ಮೂರನೆಯ ಪ್ರಯತ್ನದಲ್ಲಿ ಇನ್ನೂ 11 ಗಜ ಬೇಕಿತ್ತು. ಚೆಂಡು ಓಡಿಸಿ ಗಡಿಯಾರ ಕಳೆಯಬಹುದಿತ್ತು. ಹಾಗೆ ಮಾಡದೆ ಕ್ವಾರ್ಟರ್‌ಬ್ಯಾಕ್ ವಿಲ್ ಹೋವರ್ಡ್ ಚೆಂಡನ್ನು ಉದ್ದಕ್ಕೆ ಎಸೆದರು, ಒಬ್ಬನೇ ಎದುರಾಳಿಯನ್ನು ಹಿಂದೆ ಹಾಕಿದ್ದ ಸ್ಮಿತ್ 56 ಗಜದ ಕ್ಯಾಚ್ ಹಿಡಿದರು, ಪಂದ್ಯ 34-23ಕ್ಕೆ ಮುಗಿಯಿತು. ಈ ಒಂದು ಎಸೆತವನ್ನು ಯೂಟ್ಯೂಬಿನಲ್ಲಿ ನೋಡಿಟ್ಟುಕೊಳ್ಳಿ. ಆ ಮೇಜಿನ ಮಾತಿನ ಅರ್ಧ ಭಾಗ ನಿಮಗೆ ಅರ್ಥವಾಗುತ್ತದೆ.

ಯಾರು ಶ್ರೇಷ್ಠ ಎಂಬುದು ಮೇಲಿನ ನೊರೆ. ಕೆಳಗೆ ಇರುವ ಪ್ರಶ್ನೆ, ಇಷ್ಟು ಒಳ್ಳೆಯ ರಿಸೀವರ್‌ಗಳಿದ್ದೂ ನಾವು ಏಕೆ ಸೋತೆವು ಎನ್ನುವುದು. ನೆರೆಯ ರಾಜ್ಯದ ಮಿಷಿಗನ್ ಇವರ ಹಳೆಯ ಎದುರಾಳಿ. 2021ರಿಂದ 2024ರವರೆಗೆ ನಾಲ್ಕೂ ವರ್ಷ ಮಿಷಿಗನ್ ಗೆದ್ದಿತು, ಅಂದರೆ ಮೇಲೆ ಹೇಳಿದ ಹೆಸರುಗಳೆಲ್ಲ ತಂಡದಲ್ಲಿದ್ದ ವರ್ಷಗಳಲ್ಲೇ. 2024ರ ನವೆಂಬರ್ 30ರಂದು ಇದೇ ಊರಿನ ಕ್ರೀಡಾಂಗಣದಲ್ಲಿ 13-10ರಿಂದ ಸೋತಾಗ ಜನ ಕೆಂಡವಾದದ್ದು ಸೋಲಿಗಿಂತ ಹೆಚ್ಚಾಗಿ ಸೋತ ರೀತಿಗೆ: ಸ್ಮಿತ್, ಎಗ್ಬೂಕಾ, ಕಾರ್ನೆಲ್ ಟೇಟ್ ಮೂವರೂ ಕಾದಿದ್ದರೂ ಚೆಂಡನ್ನು ಮತ್ತೆ ಮತ್ತೆ ನಡುವಿನ ಗೋಡೆಗೇ ನುಗ್ಗಿಸಿದರು. ಕೊಹ್ಲಿ, ಗೇಲ್, ಡಿವಿಲಿಯರ್ಸ್ ಮೂವರೂ ಇದ್ದು 2016ರ ಫೈನಲ್ ಕಳೆದುಕೊಂಡ ಆರ್‌ಸಿಬಿಯ ಅಭಿಮಾನಿಗೆ ಈ ನೋವನ್ನು ವಿವರಿಸಬೇಕಾಗಿಲ್ಲ ಎಂದುಕೊಳ್ಳುತ್ತೇನೆ. ಒಂದು ಗುಂಪು, ಹೊಳಪಿನ ಹಿಂದೆ ಬಿದ್ದು ಎದುರಾಳಿಗಳನ್ನು ತಡೆಯುವ ಮುಂದಿನ ಸಾಲಿನ ಐದು ದೈತ್ಯರನ್ನು ಕಡೆಗಣಿಸಿದ್ದೇ ತಪ್ಪು, ಪಂದ್ಯ ಗೆಲ್ಲುವುದು ಅಲ್ಲಿ ಎನ್ನುತ್ತದೆ. ಇನ್ನೊಂದು ಗುಂಪು, ಇದ್ದ ಹೊಳಪನ್ನು ಬಳಸದಿದ್ದದ್ದೇ ತಪ್ಪು ಎನ್ನುತ್ತದೆ.

ಅದೇ ತಂಡ ಎರಡು ತಿಂಗಳೊಳಗೆ ಪ್ಲೇಆಫ್‌ನಲ್ಲಿ ಟೆನೆಸ್ಸಿ, ಆರೆಗನ್, ಟೆಕ್ಸಸ್, ನೋಟ್ರ್ ಡೇಮ್ ನಾಲ್ವರನ್ನೂ ಸೋಲಿಸಿ ರಾಷ್ಟ್ರೀಯ ಪಟ್ಟ ಗೆದ್ದಿತು. ಆರೆಗನ್ ವಿರುದ್ಧ ಸ್ಮಿತ್ 187 ಗಜ ಗಳಿಸಿದ್ದನ್ನು ಎರಡನೆಯ ಗುಂಪಿನವರು ಇಂದಿಗೂ ಎತ್ತಿ ಆಡುತ್ತಾರೆ. ಆದರೆ ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ಟೆಕ್ಸಸ್ ಪಂದ್ಯ. ಅಲ್ಲಿ ಸ್ಮಿತ್‌ಗೆ ದಕ್ಕಿದ್ದು ಒಂದೇ ಕ್ಯಾಚ್, 3 ಗಜ. ಆದರೂ ತಂಡ 28-14ರಿಂದ ಗೆದ್ದಿತು. ಒಬ್ಬನನ್ನು ಕಟ್ಟಿಹಾಕಲು ಎದುರಾಳಿಗಳು ಹೆಚ್ಚು ಜನರನ್ನು ಅತ್ತ ಹರಿಸಿದರೆ ಉಳಿದವರಿಗೆ ಜಾಗ ತೆರೆಯುತ್ತದೆ, ಅಂದರೆ ಚೆಂಡು ಮುಟ್ಟದ ರಿಸೀವರ್ ಕೂಡ ಕೆಲಸ ಮಾಡುತ್ತಲೇ ಇರುತ್ತಾನೆ. ಅಂಕಿಪಟ್ಟಿಯಲ್ಲಿ ಕಾಣದ ಈ ಸಂಗತಿಯನ್ನು ಗಮನಿಸುವವರೇ ಆ ಮೇಜಿನ ನಿಜವಾದ ಬಲ್ಲವರು. ಅಂಥವರ ಪಕ್ಕ ಕುಳಿತುಕೊಳ್ಳಿ.

ಇನ್ನೊಂದು ಪ್ರಶ್ನೆ, ಇದು ಹುಡುಗರ ಪ್ರತಿಭೆಯೋ ಕೋಚ್‌ನ ಕೈಗುಣವೋ ಎಂಬುದು. ಬ್ರಯನ್ ಹಾರ್ಟ್‌ಲೈನ್ ಹಿಂದೆ ಇದೇ ತಂಡದ ರಿಸೀವರ್ ಆಗಿದ್ದವರು; 2018ರಿಂದ ರಿಸೀವರ್‌ಗಳನ್ನು ತಯಾರು ಮಾಡಿದವರು. ದೇಶದ ಉತ್ತಮೋತ್ತಮ ಹುಡುಗರೇ ಬಂದರೆ ಯಾರು ಕಲಿಸಿದರೂ ಆಗುತ್ತದೆ ಎನ್ನುವವರಿಗೆ ಕೋಚ್ ಪಕ್ಷದವರು ಒಲಾವೆಯನ್ನು ಉದಾಹರಿಸುತ್ತಾರೆ: ಕ್ಯಾಲಿಫೋರ್ನಿಯಾದ ಶಾಲೆಯೊಂದಕ್ಕೆ ಈ ತಂಡದ ಕೋಚ್ ಹೋದದ್ದು ಅಲ್ಲಿನ ಕ್ವಾರ್ಟರ್‌ಬ್ಯಾಕ್‌ನನ್ನು ನೋಡಲು, ಕಣ್ಣಿಗೆ ಬಿದ್ದದ್ದು ಒಲಾವೆ. ಎದುರು ಪಕ್ಷದವರು ಜೇಮ್ಸನ್ ವಿಲಿಯಮ್ಸ್ ಹೆಸರು ತೆಗೆಯುತ್ತಾರೆ. ಇಲ್ಲಿ ಜಾಗ ಸಿಗದೆ ಅವರು ಅಲಬಾಮಾಕ್ಕೆ ಹೋಗಿ, 2022ರಲ್ಲಿ ವಿಲ್ಸನ್, ಒಲಾವೆ ಆದ ಕೂಡಲೇ ಹನ್ನೆರಡನೆಯವರಾಗಿ ಆಯ್ಕೆಯಾದರು. 2025ರ ಡಿಸೆಂಬರ್‌ನಲ್ಲಿ ಹಾರ್ಟ್‌ಲೈನ್ ಸೌತ್ ಫ್ಲೋರಿಡಾ ವಿಶ್ವವಿದ್ಯಾಲಯದ ಮುಖ್ಯ ಕೋಚ್ ಹುದ್ದೆ ಒಪ್ಪಿಕೊಂಡ ಸುದ್ದಿ ಬಂದಮೇಲೆ ಈ ವಾದಕ್ಕೆ ಮತ್ತಷ್ಟು ತುಪ್ಪ ಬಿದ್ದಿದೆ.

ಹಣದ ಮಾತೂ ಬರುತ್ತದೆ. 2021ರ ಜುಲೈಯಿಂದ ಕಾಲೇಜು ಆಟಗಾರರು ತಮ್ಮ ಹೆಸರು, ಚಿತ್ರಗಳಿಂದ ಸಂಪಾದಿಸಬಹುದು. 2025ರಿಂದ ವಿಶ್ವವಿದ್ಯಾಲಯಗಳೇ ನೇರವಾಗಿ ಪಾಲು ಕೊಡಬಹುದು. ಓದಲು ಬಂದ ಹುಡುಗರಿಗೆ ಇಷ್ಟು ದುಡ್ಡೇ ಎಂದು ನಮ್ಮವರು ಥಟ್ಟನೆ ಹೇಳಿಬಿಡುತ್ತಾರೆ. ಹೊಸದರಲ್ಲಿ ಆ ಮಾತು ಬೇಡ, ಅದು ಇಲ್ಲಿಯವರು ತಮ್ಮತಮ್ಮಲ್ಲೇ ಬಗೆಹರಿಸಿಕೊಳ್ಳದ ತಕರಾರು. ಹಾಗೆಯೇ, ಕೈಗೆ ಬಂದ ಚೆಂಡು ಬಿಟ್ಟ ಹತ್ತೊಂಬತ್ತು ವರ್ಷದ ಹುಡುಗನನ್ನು ಯಾರಾದರೂ ಬಾಯಿಗೆ ಬಂದಂತೆ ಬೈಯುತ್ತಿದ್ದರೆ ದನಿಗೂಡಿಸಬೇಡಿ. ಅಭಿಮಾನದ ಹೆಸರಿನಲ್ಲಿ ಅದು ನನಗೆ ಎಂದೂ ಸರಿಕಂಡಿಲ್ಲ.

ಬದುಕಿನ ಲೆಕ್ಕದಲ್ಲಿ ಕೆಲವು ಸಂಗತಿಗಳು. ತವರಿನ ಪಂದ್ಯವಿರುವ ಶನಿವಾರ ಲಕ್ಷಕ್ಕೂ ಮಿಕ್ಕಿ ಜನ ಒಹಾಯೊ ಸ್ಟೇಡಿಯಂಗೆ ಸೇರುತ್ತಾರೆ, ಅದರ ಆಸನಗಳ ಸಂಖ್ಯೆ 1,02,780. ಅಂದು ಹೈ ಸ್ಟ್ರೀಟಿನ ಕಡೆ ಕಾರು ತಿರುಗಿಸಬೇಡಿ. ಟಿಕೆಟ್ ಬೆಲೆ ಕಂಡು ಎದೆ ಧಸಕ್ಕೆಂದರೆ ವಸಂತದಲ್ಲಿ ತಂಡ ತನ್ನೊಳಗೇ ಆಡುವ ಪಂದ್ಯಕ್ಕೆ ಹೋಗಿ, ಅದು ಅಗ್ಗ, ಮತ್ತು ಮುಂದಿನ ವರ್ಷಗಳ ರಿಸೀವರ್‌ಗಳನ್ನು ನೋಡುವುದಕ್ಕೆ ಅದೇ ಒಳ್ಳೆಯ ಜಾಗ. ಮಿಷಿಗನ್ ಪಂದ್ಯ ಥ್ಯಾಂಕ್ಸ್‌ಗಿವಿಂಗ್ ಮುಗಿದ ಶನಿವಾರ ಬರುತ್ತದೆ. ಆ ವಾರ ವಿಶ್ವವಿದ್ಯಾಲಯದ ಆವರಣದ ಫಲಕಗಳಲ್ಲಿರುವ ಎಂ ಅಕ್ಷರಗಳ ಮೇಲೆಲ್ಲ ಕೆಂಪು ಪಟ್ಟಿಯ ಅಡ್ಡಗೆರೆ ಬೀಳುತ್ತದೆ. ಆ ವಾರ ನೀಲಿ-ಹಳದಿ ಬಣ್ಣದ ಅಂಗಿ ತೊಟ್ಟು ಆಫೀಸಿಗೆ ಹೋಗಬೇಡಿ, ಅದು ಮಿಷಿಗನ್ ಬಣ್ಣ. ರಾಜ್ಯೋತ್ಸವದ ಕಾರ್ಯಕ್ರಮಕ್ಕೆ ಸಭಾಂಗಣ ಗೊತ್ತುಮಾಡುವಾಗಲೂ ಆ ಶನಿವಾರವನ್ನು ಬಿಟ್ಟೇ ದಿನ ನೋಡಬೇಕು. ಇಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳೇ ನಾಡಗೀತೆಯ ನಡುವೆ ಫೋನಿನಲ್ಲಿ ಸ್ಕೋರು ನೋಡುತ್ತಿರುತ್ತಾರೆ. 2025ರಲ್ಲಿ 27-9ರಿಂದ ಗೆದ್ದು ನಾಲ್ಕು ವರ್ಷದ ಸೋಲಿನ ಸರಪಳಿ ಮುರಿದ ಮೇಲೆ ಊರಿನ ಮುಖದಲ್ಲಿ ಸ್ವಲ್ಪ ನಗು ಬಂದಿದೆ, ಹೊಸಬರು ಮಾತಿಗಿಳಿಯಲು ಇದು ಸುಸಮಯ.

ತಿಳಿದವರಂತೆ ನಟಿಸುವ ಅಗತ್ಯವಿಲ್ಲ. ಇಲ್ಲಿನ ಜನಕ್ಕೆ ಹೇಳಿಕೊಡುವುದೆಂದರೆ ಬಹಳ ಇಷ್ಟ. ಸೋಮವಾರ ಊಟಕ್ಕೆ ಕೂತಾಗ, ಸ್ಮಿತ್-ಎನ್‌ಜಿಗ್ಬಾ ಅಂಚಿನಲ್ಲಿ ಆಡಿದ್ದರೂ ಅಷ್ಟೇ ಗಜ ಗಳಿಸುತ್ತಿದ್ದರೇ ಎಂದು ಒಂದೇ ಒಂದು ಪ್ರಶ್ನೆ ಕೇಳಿ. ಒಂದು ಗಂಟೆಗೆ ಮಾತ್ರ ಯಾವ ಮೀಟಿಂಗನ್ನೂ ಇಟ್ಟುಕೊಳ್ಳಬೇಡಿ.