ಕಸದ ಗುಂಡಿ ವಿಸ್ತರಣೆ: ಸಭೆಯಲ್ಲಿ ಏನು ಕೇಳಬೇಕು?

ಪ್ರಶ್ನೆ: ನಮ್ಮ ಹಳ್ಳಿ ಪಕ್ಕದ ಪುರಸಭೆ ಕಸದ ಗುಂಡಿಯನ್ನು ದೊಡ್ಡದು ಮಾಡುತ್ತಾರಂತೆ. ಪರಿಸರ ಅನುಮತಿಗೆ ಸಾರ್ವಜನಿಕ ಅಹವಾಲು ಸಭೆ ಕರೆದಿದ್ದಾರೆ. ನಾವು ರೈತರು ಹೋಗಿ ಏನು ಮಾತಾಡೋದು ಸರ್?

ಉತ್ತರ: ಖಂಡಿತ ಹೋಗಿ. ಈ ಸಭೆಗೆ ಕೋರಂ ಬೇಕಿಲ್ಲ, ಯಾರೂ ಬರದಿದ್ದರೂ ಮುಗಿಸಿಬಿಡಬಹುದು. ಜನ ‘ಬೇಡ’ ಅಂತ ಕೂಗಿ ಎದ್ದುಹೋಗುವುದನ್ನು ನೋಡಿದಾಗ ನನಗೆ ತುಂಬಾ ಬೇಜಾರಾಗುತ್ತದೆ.

ಪರಿಸರ ಅನುಮತಿಯ ಬಗ್ಗೆ ಕೇಂದ್ರ ಸರ್ಕಾರ ಹೊರಡಿಸಿದ 2006ರ ಅಧಿಸೂಚನೆ ಪ್ರಕಾರ ಕನಿಷ್ಠ 30 ದಿನ ಮೊದಲೇ ನೋಟಿಸ್ ಕೊಡಬೇಕು. ಯೋಜನೆಯಿಂದ ಪರಿಸರಕ್ಕೆ ಏನಾಗುತ್ತದೆ ಅಂತ ಹೇಳುವ ವರದಿಯ ಸಾರಾಂಶ ಕನ್ನಡದಲ್ಲೂ ಇರಬೇಕು. ಜಿಲ್ಲಾಧಿಕಾರಿ ಕಚೇರಿಯಲ್ಲಿ ಕೇಳಿ ಓದಿ.

ಮೊದಲು ನೀರಿನ ಪುಟ ತೆಗೆಯಿರಿ. ಮಳೆನೀರು ಕಸದೊಳಗೆ ಇಳಿದು, ಕಾಫಿ ಡಿಕಾಕ್ಷನ್ ಥರ ಕಪ್ಪಗೆ ತಳದಿಂದ ಜಿನುಗುತ್ತದೆ. ಬೆಂಗಳೂರು ಹತ್ತಿರದ ಮಾವಳ್ಳಿಪುರದವರು ಈ ಕಷ್ಟ ಉಂಡಿದ್ದಾರೆ. ಯಾವ ಬಾವಿಯ ನೀರು ಪರೀಕ್ಷಿಸಿದ್ದಾರೆ? ಯಾವ ತಿಂಗಳಲ್ಲಿ? ಇಳಿಜಾರಿನ ಕೆಳಗಿರುವ ನಿಮ್ಮ ಬಾವಿಗಳನ್ನು ಬಿಟ್ಟಿದ್ದರೆ, ಅದನ್ನೇ ಮೊದಲು ಕೇಳಿ. ಹಳೇ ಗುಂಡಿಯ ತಳಕ್ಕೆ ಹೊದಿಕೆ ಇದೆಯಾ ಅನ್ನುವುದನ್ನಂತೂ ಬಿಡಲೇಬೇಡಿ. ಹೊಸದಕ್ಕೆ ಎಷ್ಟೇ ಚೆನ್ನಾಗಿ ಹಾಕಿದರೂ ಹಳೆಯದು ಸೋರುತ್ತಲೇ ಇರುತ್ತದೆ ಅಲ್ವಾ?

ಆಕ್ಷೇಪಣೆಯನ್ನು ಬರೆದೂ ಕೊಡಿ. ಕೊನೆಗೆ ನಡಾವಳಿಯನ್ನು ಕನ್ನಡದಲ್ಲಿ ಓದಿ ಹೇಳಬೇಕು. ನಿಮ್ಮ ಮಾತು ಬಿಟ್ಟುಹೋಗಿದ್ದರೆ ಅಲ್ಲೇ ಎದ್ದು ನಿಂತು ಸೇರಿಸಲು ಹೇಳಿ.