ಕರಿಹಂಸ ಒಂದೇ ಸಾಕೆ? ಕಾರ್ಲ್ ಪಾಪ್ಪರ್ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ತತ್ತ್ವಶಾಸ್ತ್ರಜ್ಞ ಕಾರ್ಲ್ ಪಾಪ್ಪರ್ ಮೊದಲು ಬಡಗಿಯಾಗಿದ್ದರಂತೆ. ನಿಜವೆ?

ಉತ್ತರ: ನಿಜ. 1902ರ ಜುಲೈ 28ರಂದು ವಿಯೆನ್ನಾದ ವಕೀಲರೊಬ್ಬರ ಮನೆಯಲ್ಲಿ ಹುಟ್ಟಿದವರು. ಮನೆ ತುಂಬ ಪುಸ್ತಕಗಳಿದ್ದರೂ ಹದಿನಾರಕ್ಕೇ ಶಾಲೆ ಬಿಟ್ಟರು. ವಿಶ್ವವಿದ್ಯಾಲಯದ ಪಾಠಗಳಿಗೆ ಹೋಗುತ್ತಲೇ, 1920ರ ದಶಕದ ಆರಂಭದಲ್ಲಿ ಮರಗೆಲಸದ ಮೇಸ್ತ್ರಿಯ ಕೈಕೆಳಗೆ ಬೀರು, ಮೇಜು ಮಾಡುವುದನ್ನು ಕಲಿತರು. 1928ರಲ್ಲಿ ಮನೋವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು, ಆಮೇಲೆ ಗಣಿತ ಮತ್ತು ಭೌತಶಾಸ್ತ್ರ ಹೇಳಿಕೊಡುವ ಶಾಲಾ ಮೇಷ್ಟರಾದರು. ಹೆಸರು ತಂದ ಜರ್ಮನ್ ಪುಸ್ತಕ, ಸಂಶೋಧನೆಯ ತರ್ಕವನ್ನು ಕುರಿತದ್ದು, 1934ರ ಕೊನೆಗೆ ಬಂತು. ಯೆಹೂದಿ ಮೂಲದ ಕುಟುಂಬಕ್ಕೆ ಆಸ್ಟ್ರಿಯಾದಲ್ಲಿ ಉಳಿಗಾಲವಿಲ್ಲವೆಂದು ಕಂಡು 1937ರಲ್ಲಿ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ಗೆ ಹೋದರು. 1946ರಿಂದ 1969ರಲ್ಲಿ ನಿವೃತ್ತರಾಗುವವರೆಗೆ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿದ್ದರು. ತೀರಿಕೊಂಡದ್ದು 1994ರಲ್ಲಿ. ಆ ಜರ್ಮನ್ ಪುಸ್ತಕ ಇಂಗ್ಲಿಷಿಗೆ ಬಂದದ್ದು 1959ರಲ್ಲಿ. ಅವರನ್ನು ಅರವತ್ತರ ದಶಕದ ಚಿಂತಕರೆಂದು ಹಲವರು ತಪ್ಪು ತಿಳಿಯುವುದಕ್ಕೆ ಅದೂ ಒಂದು ಕಾರಣವಿರಬೇಕು.

ಪ್ರಶ್ನೆ: ಮನಶ್ಶಾಸ್ತ್ರದ ಫ್ರಾಯ್ಡ್, ಆಡ್ಲರ್ ಸಿದ್ಧಾಂತಗಳು ವಿಜ್ಞಾನವಲ್ಲ ಎಂದು ಅವರು ಹೇಳಿದ್ದೇಕೆ? ಅವು ಸುಳ್ಳೆಂದೆ?

ಉತ್ತರ: ಸುಳ್ಳೆಂದಲ್ಲ, ಸೋಲುವುದೇ ಇಲ್ಲವೆಂದು. ಪಾಪ್ಪರ್ ಕೊಟ್ಟ ಉದಾಹರಣೆ ನೋಡಿ. ಒಬ್ಬ ಮಗುವನ್ನು ಕೊಲ್ಲಲೆಂದು ನೀರಿಗೆ ದೂಡುತ್ತಾನೆ. ಇನ್ನೊಬ್ಬ ಮಗುವನ್ನು ಉಳಿಸಲು ಪ್ರಾಣವನ್ನೇ ಕೊಡುತ್ತಾನೆ. ಆಡ್ಲರ್ ಪ್ರಕಾರ ಇಬ್ಬರದೂ ಕೀಳರಿಮೆ: ಒಬ್ಬನಿಗೆ ಕೊಲ್ಲುವ ಧೈರ್ಯ ತೋರಿಸಬೇಕಿತ್ತು, ಇನ್ನೊಬ್ಬನಿಗೆ ಉಳಿಸುವ ಧೈರ್ಯ. ಫ್ರಾಯ್ಡ್ ಚೌಕಟ್ಟಿನಲ್ಲೂ ಎರಡಕ್ಕೂ ಉತ್ತರ ಸಿದ್ಧ. ಏನು ನಡೆದರೂ ಹೊಂದುವ ವಿವರಣೆ ಇಂಥದ್ದು ನಡೆಯದು ಎಂದು ಹೇಳುವ ಧೈರ್ಯವನ್ನೇ ಮಾಡುವುದಿಲ್ಲ.

ಅದೇ ಹೊತ್ತಿಗೆ ಐನ್‌ಸ್ಟೈನ್ ಸಿದ್ಧಾಂತ ಒಂದು ಸಂಖ್ಯೆಯನ್ನು ಪಣಕ್ಕಿಟ್ಟಿತ್ತು. ಸೂರ್ಯನ ಅಂಚನ್ನು ಸವರಿ ಬರುವ ನಕ್ಷತ್ರದ ಬೆಳಕು 1.75 ಆರ್ಕ್‌ಸೆಕೆಂಡ್ ಬಾಗಬೇಕು. ಒಂದು ಡಿಗ್ರಿಯನ್ನು 3,600 ಪಾಲು ಮಾಡಿದರೆ ಒಂದು ಪಾಲೇ ಒಂದು ಆರ್ಕ್‌ಸೆಕೆಂಡ್. ನ್ಯೂಟನ್ ಲೆಕ್ಕದಲ್ಲಿ ಬಾಗುವುದು ಅದರ ಅರ್ಧ, ಸುಮಾರು 0.87. 1919ರ ಮೇ 29ರ ಸೂರ್ಯಗ್ರಹಣದಲ್ಲಿ ಅಳೆದು ನೋಡಿದರು. ಹದಿಹರೆಯದ ಪಾಪ್ಪರ್ ಮನಸ್ಸಿನಲ್ಲಿ ನಾಟಿದ್ದು ಐನ್‌ಸ್ಟೈನ್ ಗೆದ್ದದ್ದಕ್ಕಿಂತ ಸೋಲುವ ಸಾಧ್ಯತೆಗೆ ಒಡ್ಡಿಕೊಂಡದ್ದು.

ಪ್ರಶ್ನೆ: ಹಾಗಾದರೆ ಒಂದು ಕರಿಹಂಸ ಕಂಡರೆ ‘ಹಂಸಗಳೆಲ್ಲ ಬಿಳಿ’ ಎಂಬ ಸಿದ್ಧಾಂತ ಬಿದ್ದಂತೆ. ಒಂದೇ ಪ್ರಯೋಗ ವಿಫಲವಾದರೂ ಸಿದ್ಧಾಂತವನ್ನು ಎಸೆಯಬೇಕೆ?

ಉತ್ತರ: ಇಲ್ಲ. ಪಾಪ್ಪರ್ ಬಗ್ಗೆ ಹೆಚ್ಚು ಜನ ಎಡವುವುದು ಇಲ್ಲಿಯೇ. ತರ್ಕದ ಮಟ್ಟಿಗೆ ಹಂಸದ ಮಾತು ಸರಿ: ಸಾವಿರ ಬಿಳಿ ಹಂಸ ಕಂಡರೂ ಸಾಮಾನ್ಯ ನಿಯಮ ಸಾಬೀತಾಗದು, ಒಂದು ಕರಿಹಂಸ ಅದನ್ನು ಕೆಡವುತ್ತದೆ. ಆದರೆ ಪ್ರಯೋಗಾಲಯದಲ್ಲಿ ಸಿದ್ಧಾಂತ ಒಂಟಿಯಾಗಿ ಪರೀಕ್ಷೆಗೆ ಕೂರುವುದಿಲ್ಲ. ಉಪಕರಣ, ಲೆಕ್ಕಾಚಾರ, ಹತ್ತಾರು ಪೂರಕ ಊಹೆಗಳೂ ಜೊತೆಗಿರುತ್ತವೆ. ಫಲಿತಾಂಶ ತಪ್ಪಿದರೆ ತಪ್ಪು ಯಾರದೆಂದು ತರ್ಕ ಹೇಳುವುದಿಲ್ಲ.

ಯುರೇನಸ್ ಗ್ರಹ ನ್ಯೂಟನ್ ಲೆಕ್ಕದ ದಾರಿಯಲ್ಲಿ ಹೋಗುತ್ತಿರಲಿಲ್ಲ. ಯಾರೂ ನ್ಯೂಟನ್ನನ್ನು ಬಿಡಲಿಲ್ಲ. ಕಾಣದ ಇನ್ನೊಂದು ಗ್ರಹ ಎಳೆಯುತ್ತಿರಬಹುದೆಂದು ಫ್ರೆಂಚ್ ಖಗೋಳಜ್ಞ ಲ ವೆರ್ಯೇ ಲೆಕ್ಕ ಹಾಕಿ ಅದರ ಜಾಗ ಸೂಚಿಸಿದರು. 1846ರ ಸೆಪ್ಟೆಂಬರ್ 23ರ ರಾತ್ರಿ ಬರ್ಲಿನ್ನಿನಲ್ಲಿ ಖಗೋಳಜ್ಞ ಗಾಲೆ ನೋಡಿದಾಗ, ಹೇಳಿದ ಜಾಗದಿಂದ ಒಂದು ಡಿಗ್ರಿಯೊಳಗೆ ನೆಪ್ಚೂನ್ ಸಿಕ್ಕಿತು. ಕುಣಿಯಲಾರದವಳು ನೆಲ ಡೊಂಕು ಎಂದಳು ಎನ್ನುತ್ತೇವೆ. ಇಲ್ಲಿ ನೆಲ ನಿಜಕ್ಕೂ ಡೊಂಕಾಗಿತ್ತು! ಬುಧ ಗ್ರಹ ತಪ್ಪಿ ನಡೆದಾಗ ಅದೇ ಲ ವೆರ್ಯೇ ಅದೇ ಉಪಾಯ ಹೂಡಿ, ಸೂರ್ಯನ ಹತ್ತಿರ ‘ವಲ್ಕನ್’ ಎಂಬ ಗ್ರಹವಿರಬೇಕೆಂದರು. ಎಷ್ಟು ಹುಡುಕಿದರೂ ಸಿಗಲಿಲ್ಲ. ಶತಮಾನಕ್ಕೆ 43 ಆರ್ಕ್‌ಸೆಕೆಂಡಿನ ಆ ವ್ಯತ್ಯಾಸಕ್ಕೆ 1915ರಲ್ಲಿ ಲೆಕ್ಕ ಕೊಟ್ಟವರು ಐನ್‌ಸ್ಟೈನ್. ಆಗ ಡೊಂಕಿದ್ದದ್ದು ಕುಣಿತದಲ್ಲೇ.

ಗ್ರಹಣದ ಅಳತೆಯೂ ಅಷ್ಟು ಸರಳವಾಗಿರಲಿಲ್ಲ. ಬ್ರೆಜಿಲ್‌ನ ಸೋಬ್ರಾಲ್‌ನಲ್ಲಿ ಒಂದು ದೂರದರ್ಶಕ 1.98 ಎಂದಿತು, ಆಫ್ರಿಕಾ ಬಳಿಯ ಪ್ರಿನ್ಸಿಪೆ ದ್ವೀಪದ್ದು 1.61. ಸೋಬ್ರಾಲ್‌ನ ಇನ್ನೊಂದು ದೂರದರ್ಶಕದ ಛಾಯಾಚಿತ್ರ ಫಲಕಗಳು 0.93 ಕೊಟ್ಟವು, ಅಂದರೆ ನ್ಯೂಟನ್ ಪಕ್ಕಕ್ಕೆ. ಆ ಚಿತ್ರಗಳಲ್ಲಿ ನಕ್ಷತ್ರಗಳು ಮಸುಕಾಗಿದ್ದವು. ಬಿಸಿಲಿಗೆ ಕನ್ನಡಿ ಹಿಗ್ಗಿ ಫೋಕಸ್ ಕೆಟ್ಟಿದೆಯೆಂದು ತೀರ್ಮಾನಿಸಿ ಅವಕ್ಕೆ ಬೆಲೆ ಕೊಡಲಿಲ್ಲ. ಯಾವ ವೀಕ್ಷಣೆಯನ್ನು ನಂಬಬೇಕು ಎಂಬುದೂ ಮನುಷ್ಯರು ತೆಗೆದುಕೊಳ್ಳುವ ನಿರ್ಧಾರ. ಇದು ಪಾಪ್ಪರ್‌ಗೆ 1934ರಲ್ಲೇ ಗೊತ್ತಿತ್ತು. ವಿಜ್ಞಾನದ ಕಟ್ಟಡ ಬಂಡೆಯ ಮೇಲಿಲ್ಲ, ಜೌಗಿನಲ್ಲಿ ಹೂತ ಕಂಬಗಳ ಮೇಲಿದೆ. ಸದ್ಯಕ್ಕೆ ಭಾರ ಹೊರುತ್ತವೆ ಎನಿಸಿದಾಗ ಹೂಳುವುದನ್ನು ನಿಲ್ಲಿಸುತ್ತೇವೆ ಎಂಬುದು ಅವರ ಹೋಲಿಕೆ.

ಪ್ರಶ್ನೆ: ಯಾವುದಾದರೂ ವಾದವನ್ನು ಈ ಒರೆಗಲ್ಲಿಗೆ ಹಚ್ಚುವುದು ಹೇಗೆ?

ಉತ್ತರ: ಮೊದಲು ಕೇಳಬೇಕಾದದ್ದು, ಏನು ಕಂಡರೆ ಈ ವಾದ ತಪ್ಪೆಂದು ಒಪ್ಪುತ್ತೀರಿ? ಉತ್ತರವನ್ನು ಫಲಿತಾಂಶ ಬರುವ ಮೊದಲೇ ಬರೆದಿಡಿ, ಸಾಧ್ಯವಿದ್ದರೆ ಅಂಕಿಯಲ್ಲಿ. ‘ಬದಲಾವಣೆ ಆಗಬಹುದು’ ಎಂಬಂಥ ಮಾತು ಯಾವುದನ್ನೂ ನಿಷೇಧಿಸುವುದಿಲ್ಲ. ಫಲಿತಾಂಶ ತಪ್ಪಿದರೆ ಮತ್ತೊಮ್ಮೆ ಮಾಡಿ ನೋಡಿ. ಒಂದೇ ಸಲ ಕಂಡ ವಿಚಿತ್ರಕ್ಕೆ ಪಾಪ್ಪರ್ ಬೆಲೆ ಕೊಡುವುದಿಲ್ಲ. ಆಮೇಲೆ ಉಪಕರಣ, ಬಳಿಕ ಪೂರಕ ಊಹೆ. ತೇಪೆ ಹಾಕಬಹುದು, ಆದರೆ ಆ ತೇಪೆಯನ್ನು ಬೇರೆಯಾಗಿಯೇ ಪರೀಕ್ಷಿಸಲು ಬರಬೇಕು. ನೆಪ್ಚೂನ್, ವಲ್ಕನ್ ಎರಡೂ ಅಂಥ ತೇಪೆಗಳೇ, ದೂರದರ್ಶಕದಲ್ಲಿ ಹುಡುಕಬಹುದಾಗಿತ್ತು. ‘ನಂಬದವರು ನೋಡಿದರೆ ಫಲಿಸುವುದಿಲ್ಲ’ ಎಂಬ ತೇಪೆಯನ್ನು ಎಲ್ಲಿ ಹುಡುಕುವುದು?

ಪ್ರಶ್ನೆ: ಡಾರ್ವಿನ್ ಸಿದ್ಧಾಂತವನ್ನು ಪಾಪ್ಪರ್ ತಳ್ಳಿಹಾಕಿದ್ದರೆ?

ಉತ್ತರ: ತಳ್ಳಿಹಾಕಲಿಲ್ಲ. ನೈಸರ್ಗಿಕ ಆಯ್ಕೆ ಪರೀಕ್ಷಿಸಬಲ್ಲ ಸಿದ್ಧಾಂತವಲ್ಲ, ಉಪಯುಕ್ತವಾದ ‘ತಾತ್ತ್ವಿಕ ಸಂಶೋಧನಾ ಕಾರ್ಯಕ್ರಮ’ ಎಂದಿದ್ದರು. 1977ರ ಉಪನ್ಯಾಸದಲ್ಲಿ ಆ ಮಾತನ್ನು ಹಿಂತೆಗೆದುಕೊಂಡರು. ಉಲ್ಲೇಖಿಸುವವರು ಮೊದಲಿನದನ್ನು ಮಾತ್ರ ಉಲ್ಲೇಖಿಸುತ್ತಾರೆ.

ಪ್ರಶ್ನೆ: ಇನ್ನೊಬ್ಬ ತತ್ತ್ವಶಾಸ್ತ್ರಜ್ಞ ವಿಟ್‌ಗೆನ್‌ಸ್ಟೈನ್ ಪಾಪ್ಪರ್‌ರತ್ತ ಕಬ್ಬಿಣದ ಸಲಾಕೆ ಬೀಸಿದ್ದು ಹೌದೆ?

ಉತ್ತರ: 1946ರ ಅಕ್ಟೋಬರ್ 25, ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿನ ಕೋಣೆ. ಒಲೆಯ ಬೆಂಕಿ ಕೆದಕುವ ಸಲಾಕೆ ವಿಟ್‌ಗೆನ್‌ಸ್ಟೈನ್ ಕೈಯಲ್ಲಿತ್ತು ಎಂಬುದರಲ್ಲಿ ಹೆಚ್ಚಿನವರಿಗೆ ಅನುಮಾನವಿಲ್ಲ. ನೈತಿಕ ನಿಯಮಕ್ಕೊಂದು ಉದಾಹರಣೆ ಕೊಡಿ ಎಂದಾಗ ‘ಅತಿಥಿ ಉಪನ್ಯಾಸಕರಿಗೆ ಸಲಾಕೆ ತೋರಿಸಿ ಬೆದರಿಸಬಾರದು’ ಎಂದೆ, ಅವರು ಸಿಟ್ಟಾಗಿ ಹೊರನಡೆದರು ಎಂದು ಪಾಪ್ಪರ್ ಬರೆದಿದ್ದಾರೆ. ಆ ಮಾತು ಬಂದದ್ದು ವಿಟ್‌ಗೆನ್‌ಸ್ಟೈನ್ ಎದ್ದುಹೋದ ಮೇಲೆ ಎಂದವರೂ ಆ ಕೋಣೆಯಲ್ಲೇ ಇದ್ದವರು.