ಗೆರೆ ಎಳೆಯದೆ ಬಿಟ್ಟ ಪುಟ

ಪ್ರಶ್ನೆ: ನನಗೆ 36 ವರ್ಷ. ಫಸ್ಟ್ ಪಿಯುಸಿಯಲ್ಲಿದ್ದಾಗ ಅಣ್ಣ ಬೈಕ್ ಅಪಘಾತದಲ್ಲಿ ತೀರಿಕೊಂಡ. ಆ ವರ್ಷ ಪೂರ್ತಿ ಹೊದ್ದು ಮಲಗಿರುತ್ತಿದ್ದೆ, ಪರೀಕ್ಷೆಯಲ್ಲಿ ಫೇಲಾದೆ. ಮನೆಯಲ್ಲಿ ಸೋಮಾರಿ ಅಂದರು. ಆಗ ನನ್ನ ಜೊತೆಗಿದ್ದದ್ದು ಜೆ.ಡಿ. ಸ್ಯಾಲಿಂಜರ್ ಬರೆದ 'ದಿ ಕ್ಯಾಚರ್ ಇನ್ ದ ರೈ' ಕಾದಂಬರಿ. ಹೋದ ತಿಂಗಳು ಅದನ್ನೇ ಮತ್ತೆ ಓದಿದೆ. ಕಥಾನಾಯಕ ಹೋಲ್ಡನ್ ಜಗತ್ತನ್ನು ಬೈಯುವ ಸಾಲುಗಳಿಗೆಲ್ಲ ಪೆನ್ಸಿಲ್ ಗೆರೆ ಎಳೆದಿದ್ದೇನೆ. ಅವನ ತಮ್ಮ ಸತ್ತ ಪುಟದಲ್ಲಿ ಒಂದು ಗೆರೆಯೂ ಇಲ್ಲ. ಅವತ್ತಿನಿಂದ ಸರಿಯಾಗಿ ನಿದ್ದೆ ಬರುತ್ತಿಲ್ಲ. ಆಗ ನನಗಿದ್ದದ್ದು ಖಿನ್ನತೆ ಅನಿಸುತ್ತಿದೆ. ಯಾಕೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲಿಲ್ಲ ಅಂತ 68 ವರ್ಷದ ಅಮ್ಮನನ್ನು ಈಗ ಕೇಳಬಹುದಾ?
– ಹೆಸರು ಬೇಡ, ಹಾಸನ

ಉತ್ತರ: ನಿಮ್ಮ ಪತ್ರ ಓದಿ ನಾನೂ ಆ ಪುಟ ತೆಗೆದೆ. ಹೋಲ್ಡನ್‌ನ ತಮ್ಮ ಆಲಿ ತನ್ನ ಬೇಸ್‌ಬಾಲ್ ಗ್ಲೌಸ್ ತುಂಬ ಹಸಿರು ಶಾಯಿಯಲ್ಲಿ ಪದ್ಯ ಬರೆದುಕೊಂಡಿರುತ್ತಾನೆ. ಫೀಲ್ಡಿಂಗ್ ನಿಂತಾಗ, ಬ್ಯಾಟಿಗೆ ಯಾರೂ ಬಂದಿಲ್ಲದ ಹೊತ್ತಲ್ಲಿ ಓದಿಕೊಳ್ಳಲು. 11ನೇ ವಯಸ್ಸಿಗೆ ರಕ್ತದ ಕ್ಯಾನ್ಸರ್ ಅವನನ್ನು ಒಯ್ಯುತ್ತದೆ. ಆ ರಾತ್ರಿ 13ರ ಹೋಲ್ಡನ್ ಗ್ಯಾರೇಜಿನ ಕಿಟಕಿ ಗಾಜುಗಳನ್ನೆಲ್ಲ ಬರಿಗೈಯಲ್ಲಿ ಗುದ್ದಿ ಒಡೆಯುತ್ತಾನೆ. ಮುಂದೆ ಆ ಗ್ಲೌಸ್ ಬಗ್ಗೆ ಅವನು ಬರೆಯುವುದಾದರೂ ಎಲ್ಲಿ? ರೂಮ್‌ಮೇಟ್‌ಗೆ ಮಾಡಿಕೊಟ್ಟ ಹೋಮ್‌ವರ್ಕ್‌ನಲ್ಲಿ. ರೂಮ್‌ಮೇಟ್ ರೇಗಿದ ತಕ್ಷಣ ಹೋಲ್ಡನ್ ಅದನ್ನು ಹರಿದು ಹಾಕುತ್ತಾನೆ.

1951ರಲ್ಲಿ ಬಂದ ಈ ಪುಸ್ತಕವನ್ನು ಬಹಳ ಜನ ಸಿಟ್ಟಿನ ಹುಡುಗನ ಕಥೆ ಅಂತಲೇ ಓದುತ್ತಾರೆ. ನೀವೂ ಹಾಗೇ ಓದಿದಿರಿ. ಗೆರೆ ಎಳೆಯಲಿಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡಿ. ಆ ಪುಟ ನಿಮ್ಮ ಮನೆಯದೇ ಆಗಿತ್ತು, ಮುಟ್ಟಲು ಆಗಿರಲಿಕ್ಕಿಲ್ಲ.

ನಿಮಗಿದ್ದದ್ದು ಖಿನ್ನತೆಯೇ ಅಂತ ಪತ್ರ ನೋಡಿ ನಾನು ಹೇಳಲಾರೆ. ಸೋಮಾರಿತನ ಅಂತೂ ಅಲ್ಲ. ಆದರೆ ತಿಂಗಳಿಂದ ನಿದ್ದೆ ಇಲ್ಲ ಅನ್ನುವುದನ್ನು ಸುಮ್ನೆ ಪುಸ್ತಕದ ಗುಂಗು ಅಂತ ಬಿಡಬೇಡಿ. ಮಂಕು, ನಿದ್ದೆಗೇಡು ಎರಡು ವಾರ ದಾಟಿದರೆ ಡಾಕ್ಟರಿಗೆ ತೋರಿಸಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಸಾಯುವ ಯೋಚನೆ ಸುಳಿದರಂತೂ ಬೆಳಗಾಗಲಿ ಅಂತ ಕಾಯಬೇಡಿ.

ಇನ್ನು ಅಮ್ಮ. ಖಂಡಿತ ಮಾತಾಡಿ. ಆದರೆ 'ಯಾಕೆ ಕರೆದುಕೊಂಡು ಹೋಗಲಿಲ್ಲ' ಅಂತ ಶುರು ಮಾಡಬೇಡಿ. ನಿಮ್ಮ ಅಣ್ಣ ಹೋದ ದಿನವೇ ಅವರ ಮಗನೂ ಹೋದ. ಆ ವರ್ಷ ಅವರನ್ನು ಯಾರು ನೋಡಿಕೊಂಡರು? ಅವರೆಕಾಯಿ ಸುಲಿಯುತ್ತ ಇಬ್ಬರೇ ಕೂತಾಗ ಆ ಗ್ಲೌಸ್ ಕಥೆ ಹೇಳಿ. ಕೈಗೆ ಕೆಲಸ ಇದ್ದಾಗ ಮುಖ ನೋಡುವ ಕಷ್ಟ ಇರುವುದಿಲ್ಲ, ಅಲ್ವಾ? ಅಣ್ಣನ ಏನನ್ನು ಇನ್ನೂ ಎತ್ತಿಟ್ಟಿದ್ದೀಯಮ್ಮ ಅಂತ ಕೇಳಿ. ಆಮೇಲೆ ನಿಮ್ಮ ಆ ವರ್ಷದ ಬಗ್ಗೆ ಹೇಳಿ. ಕತ್ತಲೆ ಕೋಣೆ, ಹೊದಿಕೆ, ಎಲ್ಲ. 'ಆಗ ನಮಗೇನು ಗೊತ್ತಿತ್ತು' ಅಂತ ಅವರು ಎದ್ದು ಒಳಗೆ ಹೋಗಬಹುದು. ವಾದಕ್ಕಿಳಿಯಬೇಡಿ. ಉಳಿದ ಕಾಯಿ ಸುಲಿದಿಡಿ, ಇನ್ನೊಂದು ದಿನ ಮತ್ತೆ ಮಾತು ತೆಗೆಯಿರಿ.